ಕಂಪ್ರೆಷನ್ ಯಾವ ದಾರಿಯಲ್ಲಿ ಸೋರುತ್ತಿದೆ? ಎಂಜಿನ್ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಗಾಡಿ ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಘಾಟಿ ಏರುವಾಗ ಪಿಕಪ್ ಇಲ್ಲ, ಪ್ಲಗ್ ಬದಲಿಸಿದರೂ ಮಿಸ್ಸಿಂಗ್ ನಿಂತಿಲ್ಲ. ಇಂಥ ಗಾಡಿ ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಬಹುತೇಕ ಒಂದೇ: "ಕಂಪ್ರೆಷನ್ ಹೋಗಿದೆ ಸಾರ್, ಎಂಜಿನ್ ಬಿಚ್ಚಬೇಕು." ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನು ಅದುಮಿದಾಗ ಏಳಬೇಕಾದ ಒತ್ತಡ ಸೋರಿಹೋಗುತ್ತಿದೆ. ಹೋಗಿರಲೂಬಹುದು. ಆದರೆ ಯಾವ ಸಿಲಿಂಡರ್‌ನಲ್ಲಿ ಹೋಗಿದೆ, ಎಷ್ಟು ಹೋಗಿದೆ, ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದು ತಿಳಿಯದೆ ಸ್ಪ್ಯಾನರ್ ಎತ್ತುವುದು ದುಡ್ಡು ಚೆಲ್ಲುವ ಕೆಲಸ. ವಾಲ್ವ್ (ಗಾಳಿ ಬರುವ, ಹೊಗೆ ಹೋಗುವ ದಾರಿಯ ಮುಚ್ಚಳ) ಸುಟ್ಟಿದ್ದರೆ ಎಂಜಿನ್ ಮೇಲ್ಭಾಗದ ಹೆಡ್ ಇಳಿಸಿದರೆ ಸಾಕು. ಪಿಸ್ಟನ್ ಸುತ್ತ ಸಂದು ಮುಚ್ಚುವ ರಿಂಗ್ ಸವೆದಿದ್ದರೆ ಸಿಲಿಂಡರ್‌ಗಳಿರುವ ಬ್ಲಾಕಿನವರೆಗೆ ಹೋಗಬೇಕು. ಟ್ಯಾಪೆಟ್, ಅಂದರೆ ವಾಲ್ವನ್ನು ಒತ್ತಿ ತೆರೆಯುವ ಭಾಗ, ಬಿಗಿಯಾಗಿದ್ದರೆ ವಾಲ್ವ್ ಕವರ್ ಬಿಟ್ಟು ಬೇರೇನೂ ಬಿಚ್ಚಬೇಕಿಲ್ಲ. ಮೂರರ ಖರ್ಚಿಗೂ ಅಜಗಜಾಂತರ.

ಇಲ್ಲಿ ಹೇಳುವುದು ಪೆಟ್ರೋಲ್ ಎಂಜಿನ್‌ಗೆ ಅನ್ವಯ. ಉದಾಹರಣೆಗೆ ಮಾರುತಿಯ ಸಣ್ಣ ಎಂಜಿನ್‌ಗಳನ್ನೇ ಹೆಚ್ಚಾಗಿ ತೆಗೆದುಕೊಂಡಿದ್ದೇವೆ. ಡೀಸೆಲ್ ಮಾತು ಕೊನೆಯಲ್ಲಿದೆ, ಅದರ ನಿಯಮವೇ ಬೇರೆ.

ಮೊದಲು ಸಿಲಿಂಡರ್ ಗುರುತಿಸಿ

ಮಿಸ್ಸಿಂಗ್ ಎಂದರೆಲ್ಲ ಕಂಪ್ರೆಷನ್ ಸಮಸ್ಯೆಯಲ್ಲ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಪೆಟ್ರೋಲ್ ಚಿಮ್ಮಿಸುವ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ಕಳಚಿ, ಮತ್ತೆ ಹಾಕಿ. ಚೆನ್ನಾಗಿರುವ ಸಿಲಿಂಡರ್‌ದನ್ನು ಕಳಚಿದಾಗ ಎಂಜಿನ್ ಮುಗ್ಗರಿಸುತ್ತದೆ. ಯಾವುದನ್ನು ಕಳಚಿದರೂ ಎಂಜಿನ್‌ಗೆ ಏನೂ ಅನ್ನಿಸುವುದಿಲ್ಲವೋ ಅದೇ ಕೆಲಸ ಮಾಡದ ಸಿಲಿಂಡರ್. ಪ್ಲಗ್ ವೈರ್ ಎಳೆದು ನೋಡುವ ಹಳೆಯ ರೂಢಿ ಬೇಡ. ಶಾಕ್ ಹೊಡೆಯುವುದು ಒಂದು ಕಡೆಯಾದರೆ, ಉರಿಯದ ಪೆಟ್ರೋಲ್ ಸೈಲೆನ್ಸರ್‌ಗೆ ಹರಿದು, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಸ್ಕ್ಯಾನರ್ ಇದ್ದರೆ ಪಿ0301, ಪಿ0302 ಎಂಬಂಥ ಕೋಡ್‌ಗಳ ಕೊನೆಯ ಅಂಕಿಯೇ ಸಿಲಿಂಡರ್ ಸಂಖ್ಯೆ.

ಆ ಸಿಲಿಂಡರ್‌ನ ಪ್ಲಗ್ ಮತ್ತು ಕಾಯಿಲನ್ನು ಪಕ್ಕದ ಸಿಲಿಂಡರ್‌ಗೆ ಅದಲುಬದಲು ಮಾಡಿ. ಮಿಸ್ಸಿಂಗ್ ಕೂಡ ಪಕ್ಕಕ್ಕೆ ಹೋದರೆ ದೋಷ ಇಗ್ನಿಷನ್‌ನದು, ಇಲ್ಲಿಗೆ ಕೆಲಸ ಮುಗಿಯಿತು. ಅಲ್ಲೇ ಉಳಿದರೆ ಒಂದೋ ಇಂಜೆಕ್ಟರ್, ಇಲ್ಲವೋ ಕಂಪ್ರೆಷನ್.

ಕಿವಿಗೂ ಒಂದು ಪರೀಕ್ಷೆ ಇದೆ. ಫ್ಯೂಯಲ್ ಪಂಪ್‌ನ ರಿಲೇ ತೆಗೆದು, ಎಂಜಿನ್ ಸ್ಟಾರ್ಟ್ ಆಗದಂತೆ ಮಾಡಿ, ಸೆಲ್ಫ್ ಹೊಡೆಯಿರಿ. ಎಲ್ಲ ಸಿಲಿಂಡರ್ ಸರಿಯಿದ್ದರೆ ಸ್ಟಾರ್ಟರ್ ಸದ್ದು ಒಂದೇ ತಾಳದಲ್ಲಿ ಬರುತ್ತದೆ. ಒಂದು ಸಿಲಿಂಡರ್ ಸೋತಿದ್ದರೆ ಎಂಜಿನ್ ತಿರುಗುವ ಪ್ರತಿ ಎರಡು ಸುತ್ತಿಗೊಮ್ಮೆ ಮೋಟಾರ್ ಸರಕ್ಕನೆ ಜಾರಿದ ಹಾಗೆ ಕೇಳುತ್ತದೆ. ಎಲ್ಲವೂ ಸೋತಿದ್ದರೆ, ಉದಾಹರಣೆಗೆ ಟೈಮಿಂಗ್ ಬೆಲ್ಟ್ ಹರಿದಿದ್ದರೆ, ತಡೆಯೇ ಇಲ್ಲದೆ ಭರ್ರನೆ ತಿರುಗುತ್ತದೆ. ಆಗ ಗೇಜ್ ಹಾಕುವ ಮೊದಲೇ ಬೆಲ್ಟ್ ಕವರ್ ತೆಗೆದು ನೋಡಿ.

ಗೇಜ್ ಕೊಳ್ಳುವಾಗ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಎರಡು ಬಗೆಯ ಗೇಜ್ ಸಿಗುತ್ತವೆ. ರಬ್ಬರ್ ಕೋನ್ ಇಟ್ಟು ಕೈಯಲ್ಲಿ ಒತ್ತಿ ಹಿಡಿಯುವಂಥದ್ದನ್ನು ಬಿಡಿ. ಕೈ ಸ್ವಲ್ಪ ಸಡಿಲವಾದರೂ ರೀಡಿಂಗ್ ಸುಳ್ಳಾಗುತ್ತದೆ. ಪ್ಲಗ್ ತೂತಿಗೆ ತಿರುಪಿ ಕೂರಿಸುವ ಹೋಸ್ ಇರುವ, 0ಯಿಂದ 300 ಪಿಎಸ್‌ಐ ತೋರಿಸುವ ಗೇಜ್ ತೆಗೆದುಕೊಳ್ಳಿ. ಬಹಳಷ್ಟು ಕಾರುಗಳ ಪ್ಲಗ್ ಥ್ರೆಡ್ 14 ಮಿ.ಮೀ., ಪಿಚ್ 1.25. ಕೆಲವು ಹೊಸ ಎಂಜಿನ್‌ಗಳಲ್ಲಿ 12 ಅಥವಾ 10 ಮಿ.ಮೀ. ಇರುತ್ತದೆ. ಅಡಾಪ್ಟರ್ ಸೆಟ್‌ನಲ್ಲಿ ಇವೂ ಇರಲಿ. ಅಡಾಪ್ಟರ್‌ನ ಥ್ರೆಡ್ ಉದ್ದವನ್ನು ಪ್ಲಗ್‌ನ ಪಕ್ಕದಲ್ಲಿಟ್ಟು ಹೋಲಿಸಿ. ಪ್ಲಗ್‌ಗಿಂತ ಉದ್ದವಿದ್ದರೆ ಪಿಸ್ಟನ್‌ಗೋ ವಾಲ್ವ್‌ಗೋ ತಾಗಬಹುದು.

ಕೊಳ್ಳುವವರು ಸಾಮಾನ್ಯವಾಗಿ ಗಮನಿಸದ ಸಂಗತಿ ಒಂದಿದೆ. ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ಪುಟ್ಟ ವಾಲ್ವ್ ಹೋಸ್‌ನ ಯಾವ ತುದಿಯಲ್ಲಿದೆ? ಅದು ಎಂಜಿನ್ ಕಡೆಯ ತುದಿಯಲ್ಲೇ ಇರಬೇಕು. ಗೇಜ್ ಕಡೆ ಇದ್ದರೆ ಹೋಸ್‌ನ ಒಳಗಿನ ಜಾಗವೂ ಪಿಸ್ಟನ್ ಮೇಲಿನ, ಇಂಧನ ಉರಿಯುವ ಜಾಗವಾದ ಕಂಬಷನ್ ಚೇಂಬರ್‌ಗೆ ಸೇರಿಕೊಂಡು ರೀಡಿಂಗ್ ಇಳಿಯುತ್ತದೆ. 800 ಸಿಸಿಯ ಮೂರು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಚೇಂಬರ್‌ನ ಅಳತೆ ಮೂವತ್ತೈದು ಮಿ.ಲೀ. ಆಸುಪಾಸು ಅಷ್ಟೇ. ಅಷ್ಟು ಚಿಕ್ಕ ಜಾಗದಲ್ಲಿ ಹೋಸ್‌ನ ಹತ್ತು ಮಿ.ಲೀ. ಕೂಡ ದೊಡ್ಡ ವ್ಯತ್ಯಾಸ ಮಾಡುತ್ತದೆ. ಆ ವಾಲ್ವ್ ಕೆಟ್ಟಾಗ ಟೈರ್ ಟ್ಯೂಬಿನ ವಾಲ್ವ್ ಪಿನ್ ಹಾಕುವವರಿದ್ದಾರೆ. ನೋಡಲು ಎರಡೂ ಒಂದೇ ಥರ, ಆದರೆ ಟೈರಿನದರ ಸ್ಪ್ರಿಂಗ್ ಗಟ್ಟಿ. ಅದನ್ನು ಹಾಕಿದರೆ ಒಳ್ಳೆಯ ಎಂಜಿನ್ ಕೂಡ ಕಡಿಮೆ ತೋರಿಸುತ್ತದೆ.

ತಯಾರಿ: ಸುಳ್ಳು ರೀಡಿಂಗ್ ಹುಟ್ಟುವುದು ಇಲ್ಲೇ

ಎಂಜಿನ್ ಬಿಸಿಯಾಗಿರಬೇಕು. ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಓಡಿಸಿ. ತಣ್ಣಗಿರುವಾಗ ಪಿಸ್ಟನ್ ಮತ್ತು ಬೋರ್ (ಸಿಲಿಂಡರ್‌ನ ಒಳಗೋಡೆ) ನಡುವಿನ ಸಂದು ಹೆಚ್ಚು. ಜೊತೆಗೆ ತಣ್ಣನೆಯ ಎಣ್ಣೆ ಗಟ್ಟಿಯಿದ್ದು ಸ್ಟಾರ್ಟರ್ ನಿಧಾನವಾಗುತ್ತದೆ. ಆದರೆ ಎಂಜಿನ್ ಆಫ್ ಮಾಡಿದ ಕೂಡಲೇ ಪ್ಲಗ್‌ಗೆ ಕೈ ಹಾಕಬೇಡಿ. ಅಲ್ಯೂಮಿನಿಯಂ ಹೆಡ್ ಕಾದು ಕೆಂಡವಾಗಿದ್ದಾಗ ಪ್ಲಗ್ ಬಿಗಿ ಬಂದರೆ ಥ್ರೆಡ್ ಕಿತ್ತುಕೊಂಡೇ ಬರುತ್ತದೆ. ಹತ್ತು ನಿಮಿಷ ಬಿಟ್ಟು, ಕೈಗವಸು ಹಾಕಿಕೊಂಡು, ಮೊದಲು ಪ್ರತಿ ಪ್ಲಗ್ ಅನ್ನೂ ಕಾಲು ಸುತ್ತು ಮಾತ್ರ ಸಡಿಲಿಸಿ. ಆಮೇಲೆ ಪ್ಲಗ್ ಗುಳಿಗಳಿಗೆ ಗಾಳಿ ಊದಿ. ಅಲ್ಲಿ ಕೂತ ಮರಳಿನ ಕಣ ಸಿಲಿಂಡರ್ ಒಳಗೆ ಬಿದ್ದರೆ ಬೋರ್‌ನಲ್ಲಿ ಗೀರು ಬೀಳುತ್ತದೆ.

ಈಗ ಎಲ್ಲ ಪ್ಲಗ್‌ಗಳನ್ನೂ ತೆಗೆಯಿರಿ. ಪರೀಕ್ಷಿಸುವ ಸಿಲಿಂಡರ್‌ನದು ಮಾತ್ರ ತೆಗೆದರೆ ಸಾಲದು, ಉಳಿದವು ಸ್ಟಾರ್ಟರ್‌ಗೆ ಭಾರವಾಗಿ ವೇಗ ಇಳಿಯುತ್ತದೆ. ತೆಗೆದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಇಡಿ, ಅವುಗಳ ಮುಖ ನೋಡಿ. ಒಂದೇ ಪ್ಲಗ್ ಎಣ್ಣೆಯಲ್ಲಿ ನೆನೆದು ಕಪ್ಪಾಗಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಮೇಲೆ ಅನುಮಾನ. ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಆ ಸಿಲಿಂಡರ್‌ಗೆ ಕೂಲಂಟ್ ಇಳಿಯುತ್ತಿರಬಹುದು.

ಇಂಜೆಕ್ಟರ್ ಕನೆಕ್ಟರ್‌ಗಳನ್ನು ಅಥವಾ ಫ್ಯೂಯಲ್ ಪಂಪ್ ರಿಲೇಯನ್ನು ಕಳಚಿ. ಪೆಟ್ರೋಲ್ ಒಳಗೆ ಬಿದ್ದರೆ ಬೋರ್‌ನ ಎಣ್ಣೆ ಪದರ ತೊಳೆದುಹೋಗುತ್ತದೆ, ಬೆಂಕಿಯ ಭಯ ಬೇರೆ. ಕಾಯಿಲ್‌ಗಳ ಕನೆಕ್ಟರ್ ಕಳಚಿ. ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿಯಲ್ಲಿ ಕಾಯಿಲ್‌ನ ಸಣ್ಣ ವೈರ್ ಕಳಚಬೇಕು. ದಪ್ಪ ವೈರನ್ನು ಸುಮ್ಮನೆ ನೇತುಹಾಕಿದರೆ ಕಿಡಿ ಎಲ್ಲಿಗಾದರೂ ಹಾರುತ್ತದೆ, ಕಾಯಿಲ್ ಕೂಡ ಸುಡಬಹುದು.

ಇನ್ನು ಥ್ರಾಟಲ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ದಾರಿಯ ತಟ್ಟೆ. ಇದು ಪೂರ್ತಿ ತೆರೆದಿರಲೇಬೇಕು. ಮುಚ್ಚಿದ್ದರೆ ಸಿಲಿಂಡರ್‌ಗೆ ಗಾಳಿಯೇ ಸಾಲದೆ ಎಲ್ಲ ರೀಡಿಂಗ್‌ಗಳೂ ಕುಸಿಯುತ್ತವೆ. ಎಂಜಿನ್ ಪೂರ್ತಿ ಸವೆದಿದೆ ಎಂದು ತಪ್ಪಾಗಿ ತೀರ್ಮಾನಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕೇಬಲ್ ಇರುವ ಗಾಡಿಯಲ್ಲಿ ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದರೆ ಸಾಕು. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ತುಳಿದ ಮಾತ್ರಕ್ಕೆ ತೆರೆದಿದೆ ಎಂದು ನಂಬಬೇಡಿ. ಏರ್ ಪೈಪ್ ಕಳಚಿ ಕಣ್ಣಾರೆ ನೋಡಿ. ಆದರೆ ಆ ತಟ್ಟೆಯನ್ನು ಬೆರಳಿನಿಂದ ದೂಡಬೇಡಿ, ಒಳಗಿನ ಗೇರ್ ಹಾಳಾಗುತ್ತದೆ, ಬೆರಳೂ ಸಿಕ್ಕಿಕೊಳ್ಳುತ್ತದೆ.

ಬ್ಯಾಟರಿ 12.5 ವೋಲ್ಟ್ ಮೇಲಿರಲಿ. ಸಾಧ್ಯವಾದರೆ ಚಾರ್ಜರ್ ಅಥವಾ ಇನ್ನೊಂದು ಬ್ಯಾಟರಿ ಜೋಡಿಸಿ. ಮೊದಲ ಸಿಲಿಂಡರ್ ಪರೀಕ್ಷಿಸುವಾಗ ಇದ್ದ ವೇಗ ಕೊನೆಯದರ ಹೊತ್ತಿಗೂ ಇರಬೇಕು. ಇಲ್ಲವಾದರೆ ಕೊನೆಯ ಸಿಲಿಂಡರ್ ವಿನಾಕಾರಣ ಅಪರಾಧಿಯಾಗುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಗೇಜ್ ಹಾಕಿ ಅಳೆಯುವುದು

1. ಅಡಾಪ್ಟರ್‌ನ ಒ-ರಿಂಗ್ ಇದೆಯೇ ನೋಡಿ, ಕೈಯಲ್ಲೇ ತಿರುಪಿ ಬಿಗಿ ಮಾಡಿ. ಸ್ಪ್ಯಾನರ್ ಬೇಡ.

2. ಥ್ರಾಟಲ್ ಪೂರ್ತಿ ತೆರೆದು ಸೆಲ್ಫ್ ಹೊಡೆಯಿರಿ. ಮುಳ್ಳು ಪ್ರತಿ ಕಂಪ್ರೆಷನ್‌ಗೂ ಒಂದೊಂದು ಸಲ ಜಿಗಿಯುತ್ತದೆ. ಐದಾರು ಜಿಗಿತ ಎಣಿಸಿ ನಿಲ್ಲಿಸಿ.

3. ಮೊದಲ ಜಿಗಿತಕ್ಕೆ ಮುಳ್ಳು ಎಲ್ಲಿಗೆ ಬಂತು, ಕೊನೆಗೆ ಎಲ್ಲಿ ನಿಂತಿತು ಎರಡನ್ನೂ ಬರೆದುಕೊಳ್ಳಿ. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಮೊದಲ ಜಿಗಿತವನ್ನು ಯಾರೂ ಬರೆದುಕೊಳ್ಳುವುದಿಲ್ಲ, ಆದರೆ ಹೆಚ್ಚು ಮಾತಾಡುವುದು ಅದೇ.

4. ಗೇಜ್‌ನ ಗಾಳಿ ಬಿಟ್ಟು, ಅಷ್ಟೇ ಜಿಗಿತಗಳನ್ನು ಎಣಿಸಿ ಉಳಿದ ಸಿಲಿಂಡರ್‌ಗಳನ್ನೂ ಅಳೆಯಿರಿ. ಕಡಿಮೆ ಬಂದದ್ದನ್ನು ಇನ್ನೊಮ್ಮೆ ಅಳೆಯಿರಿ.

ಅಂಕಿ ಎಷ್ಟಿರಬೇಕು?

ಎಸ್ಟೀಮ್, ಜಿಪ್ಸಿ ಕಿಂಗ್‌ಗಳಲ್ಲಿದ್ದ ಸುಜುಕಿ ಜಿ13ಬಿಬಿ ಎಂಜಿನ್‌ಗೆ ಸರ್ವಿಸ್ ಕೈಪಿಡಿ ಕೊಡುವ ಲೆಕ್ಕ ಹೀಗಿದೆ: 400 ಆರ್‌ಪಿಎಂ ವೇಗದಲ್ಲಿ 1400 ಕಿಲೋಪಾಸ್ಕಲ್, ಅಂದರೆ ಸುಮಾರು 200 ಪಿಎಸ್‌ಐ ಇರಬೇಕು. 1100ಕ್ಕಿಂತ, ಅಂದರೆ ಸುಮಾರು 160 ಪಿಎಸ್‌ಐಗಿಂತ ಕೆಳಗೆ ಇಳಿಯಬಾರದು. ಯಾವ ಎರಡು ಸಿಲಿಂಡರ್‌ಗಳ ನಡುವೆಯೂ 100 ಕಿಲೋಪಾಸ್ಕಲ್‌ಗಿಂತ, ಸುಮಾರು 14 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಿಮ್ಮ ಎಂಜಿನ್‌ನ ಅಂಕಿ ಅದರದೇ ಕೈಪಿಡಿಯಲ್ಲಿರುತ್ತದೆ. ಕೈಪಿಡಿ ಸಿಗದಿದ್ದರೆ, ಅತಿ ಕಡಿಮೆ ಇರುವುದು ಅತಿ ಹೆಚ್ಚಿರುವುದರ ಮುಕ್ಕಾಲು ಭಾಗಕ್ಕಿಂತ ಕೆಳಗೆ ಬಂದರೆ ಖಂಡಿತ ದೋಷ ಎಂಬ ಹಳೆಯ ಲೆಕ್ಕ ಇದೆ. ಇದು ತೀರಾ ಉದಾರವಾದದ್ದು. ಅಷ್ಟು ವ್ಯತ್ಯಾಸವಿದ್ದರೆ ಮೂರು ಸಿಲಿಂಡರ್ ಎಂಜಿನ್ ಐಡ್ಲಿಂಗ್‌ನಲ್ಲಿ ನಡುಗದೆ ಇರುವುದಿಲ್ಲ.

ಘಟ್ಟದ ಮೇಲಿನವರು ನೆನಪಿಡಬೇಕಾದ ಮಾತೊಂದಿದೆ. ಕೈಪಿಡಿಯ ಅಂಕಿಗಳು ಸಮುದ್ರಮಟ್ಟದ ಗಾಳಿಗೆ ಹೊಂದುವಂಥವು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಹತ್ತನೇ ಒಂದು ಭಾಗದಷ್ಟು ಕಡಿಮೆ. ಮಂಗಳೂರಿನಲ್ಲಿ 180 ಪಿಎಸ್‌ಐ ತೋರಿಸಿದ ಎಂಜಿನ್ ಬೆಂಗಳೂರಿನಲ್ಲಿ 160ರ ಹತ್ತಿರ ತೋರಿಸಿದರೆ ಅದು ಸವೆತವಲ್ಲ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನು ಹೆಚ್ಚು ನಂಬಿ. ಹೈಬ್ರಿಡ್ ಕಾರುಗಳ ಅಟ್ಕಿನ್ಸನ್ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್ ಬೇಕೆಂದೇ ತಡವಾಗಿ ಮುಚ್ಚುತ್ತದೆ. ಅವುಗಳ ರೀಡಿಂಗ್ ಹುಟ್ಟಿನಿಂದಲೇ ಕಡಿಮೆ.

ಮುಳ್ಳಿನ ನಡೆ ಏನು ಹೇಳುತ್ತದೆ?

ಆರೋಗ್ಯವಾಗಿರುವ ಸಿಲಿಂಡರ್ ಮೊದಲ ಜಿಗಿತಕ್ಕೇ ಅರ್ಧಕ್ಕಿಂತ ಮೇಲೆ ಹೋಗಿ, ನಾಲ್ಕೈದನೆಯ ಜಿಗಿತಕ್ಕೆ ನಿಲ್ಲುತ್ತದೆ. ಮೊದಲ ಜಿಗಿತ ತೀರಾ ಕಡಿಮೆಯಿದ್ದು, ಆಮೇಲೆ ಪ್ರತಿ ಸಲವೂ ಸ್ವಲ್ಪಸ್ವಲ್ಪವೇ ಏರುತ್ತಾ ಹೋದರೆ ರಿಂಗ್ ಕಡೆ ನೋಡಿ. ಮೊದಲೂ ಕಡಿಮೆ, ಆಮೇಲೂ ಏರದೆ ಅಲ್ಲೇ ನಿಂತರೆ ವಾಲ್ವ್. ಇವು ಅನುಮಾನಗಳು, ತೀರ್ಪಲ್ಲ.

ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಕಡಿಮೆ ಬಂದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಸುಟ್ಟಿರುವ ಸಾಧ್ಯತೆ ಬಹಳ. ಒಂದು ಸಿಲಿಂಡರ್ ಸೊನ್ನೆಗೆ ಹತ್ತಿರವಿದ್ದರೆ ಬಾಗಿದ ವಾಲ್ವ್, ತುಂಡಾದ ವಾಲ್ವ್ ಅಂಚು ಅಥವಾ ತೂತಾದ ಪಿಸ್ಟನ್. ರಿಂಗ್ ಸವೆತ ಸೊನ್ನೆ ತೋರಿಸುವುದಿಲ್ಲ. ಎಲ್ಲವೂ ಒಂದೇ ಸಮ ಕಡಿಮೆ ಬಂದರೆ ಮೊದಲು ನಿಮ್ಮ ತಯಾರಿಯನ್ನೇ ಅನುಮಾನಿಸಿ: ಥ್ರಾಟಲ್, ಬ್ಯಾಟರಿ, ಗೇಜ್‌ನ ವಾಲ್ವ್. ಅವೆಲ್ಲ ಸರಿಯಿದ್ದರೆ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಹಲ್ಲು ಹಾರಿದೆಯೇ ನೋಡಿ. ಸಿಲಿಂಡರ್‌ಗಳೆಲ್ಲ ಒಟ್ಟಿಗೆ, ಅದೂ ಒಂದೇ ಅಳತೆಗೆ ಸವೆಯುವುದು ಅಪರೂಪ.

ಇನ್ನೊಂದು ಮೋಸ ಇದೆ. ತಿಂಗಳುಗಟ್ಟಲೆ ನಿಂತ ಗಾಡಿ, ಅಥವಾ ಪಾರ್ಕಿಂಗ್ ಬದಲಿಸಲೆಂದು ಒಂದೆರಡು ನಿಮಿಷ ಮಾತ್ರ ಸ್ಟಾರ್ಟ್ ಮಾಡಿ ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅಳೆದರೆ ಎಲ್ಲ ಸಿಲಿಂಡರ್‌ಗಳೂ ಪಾತಾಳದಲ್ಲಿರುತ್ತವೆ. ತಣ್ಣನೆಯ ಎಂಜಿನ್‌ಗೆ ಸುರಿದ ಹೆಚ್ಚುವರಿ ಪೆಟ್ರೋಲ್ ಬೋರ್‌ನ ಎಣ್ಣೆಯನ್ನು ತೊಳೆದುಬಿಟ್ಟಿರುತ್ತದೆ, ಅಷ್ಟೇ. ಪ್ರತಿ ಸಿಲಿಂಡರ್‌ಗೂ ಸ್ವಲ್ಪ ಎಣ್ಣೆ ಬಿಟ್ಟು ಸ್ಟಾರ್ಟ್ ಮಾಡಿ, ಅರ್ಧ ಗಂಟೆ ಓಡಿಸಿ, ಮತ್ತೆ ಅಳೆಯಿರಿ. ಎಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸಿ.

ಎಣ್ಣೆ ಬಿಟ್ಟು ನೋಡುವುದು

ರಿಂಗೋ ವಾಲ್ವೋ ಎಂದು ಬೇರ್ಪಡಿಸಲು ಪ್ಲಗ್ ತೂತಿನಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಡುತ್ತಾರೆ. ರಿಂಗ್‌ನ ಸಂದನ್ನು ಎಣ್ಣೆ ತಾತ್ಕಾಲಿಕವಾಗಿ ಮುಚ್ಚುತ್ತದೆ, ಮೇಲಿರುವ ವಾಲ್ವ್‌ಗೆ ಏನೂ ಮಾಡುವುದಿಲ್ಲ. 1200 ಸಿಸಿ ಆಸುಪಾಸಿನ ನಾಲ್ಕು ಸಿಲಿಂಡರ್ ಎಂಜಿನ್‌ಗೆ ಸಿಲಿಂಡರ್‌ಗೊಂದು ಟೀ ಚಮಚ, ಅಂದರೆ 5 ಮಿ.ಲೀ. ಮೀರಬಾರದು. 800 ಸಿಸಿ ಎಂಜಿನ್‌ಗೆ 3 ಮಿ.ಲೀ. ಸಾಕು. ಸೂಜಿಯಿಲ್ಲದ ಸಿರಿಂಜ್‌ಗೆ ಸಣ್ಣ ಟ್ಯೂಬ್ ಸಿಕ್ಕಿಸಿ ಬಿಡಿ. ಗೇಜ್ ಹಾಕುವ ಮೊದಲು ಎರಡು ಸುತ್ತು ಸೆಲ್ಫ್ ಹೊಡೆದು ಎಣ್ಣೆ ಹರಡಲು ಬಿಡಿ. ಆಗ ಪ್ಲಗ್ ತೂತಿನ ನೇರಕ್ಕೆ ಮುಖ ಇಡಬೇಡಿ, ಎಣ್ಣೆ ಚಿಮ್ಮುತ್ತದೆ.

ಅಳತೆ ಮುಖ್ಯ, ಏಕೆಂದರೆ ಎಣ್ಣೆಯೂ ಜಾಗ ಹಿಡಿಯುತ್ತದೆ. ಮೂವತ್ತೈದು ಮಿ.ಲೀ. ಚೇಂಬರ್‌ಗೆ 5 ಮಿ.ಲೀ. ಎಣ್ಣೆ ಸುರಿದರೆ, ರಿಂಗ್ ಎಷ್ಟೇ ಚೆನ್ನಾಗಿದ್ದರೂ ಒತ್ತಡ ಏರಲೇಬೇಕು. ಆದ್ದರಿಂದ ಒಂದು ಒಳ್ಳೆಯ ಸಿಲಿಂಡರ್‌ಗೂ ಅಷ್ಟೇ ಎಣ್ಣೆ ಬಿಟ್ಟು ಎಷ್ಟು ಏರಿತು ನೋಡಿ. ದೋಷವಿರುವುದು ಅದಕ್ಕಿಂತ 30-40 ಪಿಎಸ್‌ಐ ಹೆಚ್ಚು ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಎರಡೂ ಒಂದೇ ಸಮ ಏರಿದರೆ ದೋಷ ವಾಲ್ವ್ ಅಥವಾ ಗ್ಯಾಸ್ಕೆಟ್‌ನಲ್ಲಿ. ತೂತಾದ ಪಿಸ್ಟನ್ ಮಾತ್ರ ಈ ಪರೀಕ್ಷೆಗೆ ಸಿಗುವುದಿಲ್ಲ. ಅಷ್ಟು ದೊಡ್ಡ ತೂತನ್ನು ಎಣ್ಣೆ ಮುಚ್ಚದು, ವಾಲ್ವ್ ಸಮಸ್ಯೆಯಂತೆಯೇ ಕಾಣುತ್ತದೆ.

ಗಾಳಿ ತುಂಬಿ ಕೇಳುವುದು

ನಿಜವಾದ ತೀರ್ಪು ಸಿಗುವುದು ಲೀಕ್‌ಡೌನ್ ಪರೀಕ್ಷೆಯಲ್ಲಿ. ಕಂಪ್ರೆಷನ್ ಗೇಜ್ ಎಷ್ಟು ಸೋರುತ್ತಿದೆ ಎಂದು ಹೇಳಿದರೆ, ಇದು ಎಲ್ಲಿ ಸೋರುತ್ತಿದೆ ಎಂದು ಹೇಳುತ್ತದೆ. ಪಿಸ್ಟನ್ ಮೇಲ್ತುದಿಯಲ್ಲಿ, ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ಕಂಪ್ರೆಸರ್‌ನಿಂದ ಗಾಳಿ ತುಂಬಿ, ಅದು ಹೊರಬೀಳುವ ಜಾಗಕ್ಕೆ ಕಿವಿ ಕೊಡುವುದು.

ಕಂಪ್ರೆಷನ್ ಮೇಲ್ತುದಿ ಹುಡುಕಲು ಪ್ಲಗ್ ತೂತಿಗೆ ಬೆರಳಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ. ಗಾಳಿ ಬೆರಳನ್ನು ತಳ್ಳತೊಡಗಿದರೆ ಅದು ಕಂಪ್ರೆಷನ್ ಸ್ಟ್ರೋಕ್. ಆಮೇಲೆ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಒಳಗಿಟ್ಟು, ಅದು ಏರುವುದು ನಿಲ್ಲುವ ಬಿಂದುವಿಗೆ ತನ್ನಿ. ಉಳಿದ ಸಿಲಿಂಡರ್‌ಗಳಿಗೆ ಫೈರಿಂಗ್ ಆರ್ಡರ್, ಅಂದರೆ ಒಂದಾದ ಮೇಲೊಂದು ಉರಿಯುವ ಕ್ರಮದ ಪ್ರಕಾರ ಮುಂದುವರಿಯಿರಿ. 1-3-4-2 ಇರುವ ನಾಲ್ಕು ಸಿಲಿಂಡರ್‌ನಲ್ಲಿ ಪ್ರತಿ ಸಲ ಅರ್ಧ ಸುತ್ತು. ಮಾರುತಿ 800, ಓಮ್ನಿಗಳ ಮೂರು ಸಿಲಿಂಡರ್‌ನಲ್ಲಿ 1-3-2, ಪ್ರತಿ ಸಲ ಮೂರರಲ್ಲಿ ಎರಡು ಸುತ್ತು.

ಗಾಳಿ ಬಿಡುವ ಮೊದಲು ಸ್ಪ್ಯಾನರನ್ನು ಪುಲ್ಲಿಯಿಂದ ತೆಗೆದಿಡಿ. ಓಮ್ನಿಯ ಬೋರ್ 68.5 ಮಿ.ಮೀ. ಚದರ ಸೆಂ.ಮೀ.ಗೆ 7 ಕೆಜಿ ಒತ್ತಡದ ಗಾಳಿ ಆ ಪಿಸ್ಟನ್ ಮೇಲೆ ಸುಮಾರು 250 ಕೆಜಿ ಭಾರ ಹಾಕುತ್ತದೆ. ಮೇಲ್ತುದಿ ಕೂದಲೆಳೆಯಷ್ಟು ತಪ್ಪಿದ್ದರೂ ಕ್ರ್ಯಾಂಕ್ ಗಿರ್ರನೆ ತಿರುಗಿ ಸ್ಪ್ಯಾನರ್ ನಿಮ್ಮ ಕೈ ಮುರಿಯುತ್ತದೆ. ಗಾಡಿಯನ್ನು ಟಾಪ್ ಗೇರ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಒತ್ತಡವನ್ನು ನಿಧಾನವಾಗಿ ಏರಿಸಿ.

ಎರಡು ಗೇಜ್‌ನ ಟೆಸ್ಟರ್ ಇದ್ದರೆ ಒಳಹೋಗುವ ಒತ್ತಡವನ್ನು 100 ಪಿಎಸ್‌ಐಗೆ ಇಡಿ. ಎರಡನೆಯ ಗೇಜ್ 82 ತೋರಿಸಿದರೆ ಸೋರಿಕೆ ಶೇ. 18. ಶೇ. 10ರ ಒಳಗಿದ್ದರೆ ಒಳ್ಳೆಯ ಎಂಜಿನ್, 20ರವರೆಗೆ ಓಡಿದ ಎಂಜಿನ್, 30 ದಾಟಿದರೆ ಕೆಲಸ ಇದೆ. ಟೆಸ್ಟರ್ ಇಲ್ಲದಿದ್ದರೂ ಕೈಚೆಲ್ಲಬೇಕಿಲ್ಲ. ಕಂಪ್ರೆಷನ್ ಗೇಜ್‌ನ ಹೋಸ್‌ನಿಂದ ಆ ಪುಟ್ಟ ವಾಲ್ವ್ ತೆಗೆದು, ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಜೋಡಿಸಿ, 40-50 ಪಿಎಸ್‌ಐ ಬಿಟ್ಟರೆ ಶೇಕಡಾವಾರು ತಿಳಿಯದಿದ್ದರೂ ಸೋರುವ ಜಾಗ ತಿಳಿಯುತ್ತದೆ. ಬೇಕಾದದ್ದು ಅದೇ ತಾನೆ.

ಈಗ ಕೇಳಿ. ಥ್ರಾಟಲ್ ಬಾಡಿಯಲ್ಲಿ ಸುಯ್ ಎಂದರೆ ಇನ್‌ಟೇಕ್ ವಾಲ್ವ್. ಸೈಲೆನ್ಸರ್ ಕೊನೆಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಅಥವಾ ಡಿಪ್‌ಸ್ಟಿಕ್ ತೂತಿನಲ್ಲಿ ಜೋರಾಗಿ ಬಂದರೆ ರಿಂಗ್ ಅಥವಾ ಪಿಸ್ಟನ್. ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ಆದರೆ ಯಾವ ಎಂಜಿನ್‌ನಲ್ಲೂ ರಿಂಗ್ ಪೂರ್ತಿ ಮುಚ್ಚುವುದಿಲ್ಲ, ಮೆಲ್ಲಗೆ ಕೇಳುವ ಸುಯ್ಯೆಂಬ ಸದ್ದಿಗೆ ಹೆದರಬೇಡಿ. ರೇಡಿಯೇಟರ್ ಕ್ಯಾಪ್ ತೆಗೆದಾಗ ಗುಳ್ಳೆ ಏಳುತ್ತಿದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು. ಆ ಕ್ಯಾಪ್ ತೆಗೆಯುವುದು ಎಂಜಿನ್ ತಣಿದ ಮೇಲೆಯೇ. ಪಕ್ಕದ ಪ್ಲಗ್ ತೂತಿನಲ್ಲಿ ಗಾಳಿ ಬಂದರೆ ಅವೆರಡರ ನಡುವಿನ ಗ್ಯಾಸ್ಕೆಟ್. ಇಲ್ಲಿ ಒಂದು ಎಚ್ಚರ: ಸೋರುವ ಇನ್‌ಟೇಕ್ ವಾಲ್ವ್‌ನಿಂದ ಮ್ಯಾನಿಫೋಲ್ಡ್‌ಗೆ ಬಂದ ಗಾಳಿ, ಆ ಹೊತ್ತಿಗೆ ವಾಲ್ವ್ ತೆರೆದಿರುವ ಬೇರೊಂದು ಸಿಲಿಂಡರ್‌ನ ಪ್ಲಗ್ ತೂತಿನಲ್ಲೂ ಹೊರಬರಬಹುದು. ಥ್ರಾಟಲ್‌ನಲ್ಲೂ ಸದ್ದಿದ್ದರೆ ಗ್ಯಾಸ್ಕೆಟ್ ಮೇಲೆ ಹೊರಿಸಬೇಡಿ.

ವಾಲ್ವ್ ಎಂದು ತಿಳಿದರೆ ಮೊದಲು ಟ್ಯಾಪೆಟ್

ವಾಲ್ವ್ ಸೋರುತ್ತಿದೆ ಎಂದ ಕೂಡಲೇ ಹೆಡ್ ಇಳಿಸುವುದು ಅವಸರ. ಗ್ಯಾಸ್ ಕಿಟ್ ಹಾಕಿದ ಓಮ್ನಿಯಲ್ಲಿ ಮೂರು ಸಿಲಿಂಡರ್‌ಗಳಿಗೆ 150, 148, 95 ಪಿಎಸ್‌ಐ ಬಂತೆಂದು ಇಟ್ಟುಕೊಳ್ಳಿ. ಎಣ್ಣೆ ಬಿಟ್ಟಾಗ ಮೂರನೆಯದು ಉಳಿದವುಗಳಷ್ಟೇ ಏರಿತು, ಗಾಳಿ ತುಂಬಿದಾಗ ಸೈಲೆನ್ಸರ್‌ನಲ್ಲಿ ಸದ್ದು. ಹಾಗಾದರೆ ಎಕ್ಸಾಸ್ಟ್ ವಾಲ್ವ್. ಎಂಜಿನ್ ತಣಿದ ಮೇಲೆ ವಾಲ್ವ್ ಕವರ್ ತೆಗೆದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿದರೆ ಬಹಳಷ್ಟು ಸಲ ಆ ಟ್ಯಾಪೆಟ್‌ನಲ್ಲಿ ಸಂದೇ ಇರುವುದಿಲ್ಲ. ಎಲ್‌ಪಿಜಿ, ಸಿಎನ್‌ಜಿ ಒಣ ಇಂಧನಗಳು. ವಾಲ್ವ್ ಸೀಟ್ ಬೇಗ ಸವೆದು ವಾಲ್ವ್ ಮೇಲಕ್ಕೆ ಹೋಗುತ್ತದೆ, ಟ್ಯಾಪೆಟ್ ಸಂದು ಮುಚ್ಚಿಕೊಳ್ಳುತ್ತದೆ, ವಾಲ್ವ್ ಪೂರ್ತಿ ಕೂರುವುದೇ ಇಲ್ಲ. ಸೀಟಿಗೆ ತಾಗದ ವಾಲ್ವ್‌ನ ಶಾಖ ಹೋಗಲು ದಾರಿಯಿಲ್ಲದೆ ಅಂಚು ಸುಡುತ್ತದೆ. ಕಟಕಟ ಎನ್ನುವ ಸಡಿಲ ಟ್ಯಾಪೆಟ್ ಬಗ್ಗೆ ಎಲ್ಲರೂ ದೂರುತ್ತಾರೆ, ಎಂಜಿನ್ ಹಾಳುಮಾಡುವುದು ಸದ್ದೇ ಇಲ್ಲದ ಬಿಗಿ ಟ್ಯಾಪೆಟ್.

ಲಾಕ್‌ನಟ್ ಸಡಿಲಿಸಿ ಸಂದನ್ನು ಕೈಪಿಡಿಯ ಅಳತೆಗೆ ತಂದು ಮತ್ತೆ ಕಂಪ್ರೆಷನ್ ಅಳೆಯಿರಿ. 140ಕ್ಕೆ ಬಂದರೆ ವಾಲ್ವ್ ಇನ್ನೂ ಸುಟ್ಟಿಲ್ಲ. ಐದು ಸಾವಿರ ಕಿಲೋಮೀಟರ್ ಬಿಟ್ಟು ಸಂದು ಮತ್ತೆ ನೋಡಿ. 95ರಲ್ಲೇ ಉಳಿದರೆ ಹೆಡ್ ಇಳಿಸಲೇಬೇಕು. ಸಂದನ್ನು ತಾನೇ ಹೊಂದಿಸಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇರುವ ಎಂಜಿನ್‌ಗಳಲ್ಲಿ ಈ ಹಂತ ಇಲ್ಲ.

ಇಳಿಸಿದ ಹೆಡ್ಡನ್ನು ಲೇಥಿಗೆ ಕಳುಹಿಸುವ ಮೊದಲು ಬೋರಲು ಹಾಕಿ, ಪ್ಲಗ್ ಕೂರಿಸಿ, ಚೇಂಬರ್‌ಗಳಿಗೆ ಸೀಮೆಎಣ್ಣೆ ತುಂಬಿಸಿ. ಯಾವ ಪೋರ್ಟ್ ಒದ್ದೆಯಾಗುತ್ತದೋ ಆ ವಾಲ್ವ್ ಸೋರುತ್ತದೆ. ಗ್ರೈಂಡಿಂಗ್ ಮುಗಿಸಿ ತಂದ ಮೇಲೂ ಇದೇ ಪರೀಕ್ಷೆ ಮಾಡಿ, ಅಂಗಡಿಯಲ್ಲೇ ಮಾಡಿಸಿದರೆ ಇನ್ನೂ ಒಳ್ಳೆಯದು. ಹೆಡ್‌ನ ಮಟ್ಟವನ್ನು ನೇರಪಟ್ಟಿ ಮತ್ತು ಫೀಲರ್ ಗೇಜ್‌ನಿಂದ ಉದ್ದಕ್ಕೂ ಮೂಲೆಯಿಂದ ಮೂಲೆಗೂ ನೋಡಿ. ಸಣ್ಣ ಅಲ್ಯೂಮಿನಿಯಂ ಹೆಡ್‌ಗಳಲ್ಲಿ 0.05 ಮಿ.ಮೀ. ಸಾಮಾನ್ಯವಾದ ಮಿತಿ. ಮೀರಿದ್ದರೆ ಫೇಸಿಂಗ್ ಮಾಡಿಸಬೇಕು, ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಉಳಿಯದು.

ಗ್ಯಾಸ್ಕೆಟ್ ಮತ್ತು ರಿಂಗ್

ಗ್ಯಾಸ್ಕೆಟ್ ಅನುಮಾನವಿದ್ದರೆ ರೇಡಿಯೇಟರ್ ಬಾಯಿಗೆ ಇಡುವ ನೀಲಿ ದ್ರವದ ಟೆಸ್ಟರ್ ಸಿಗುತ್ತದೆ. ಸುಟ್ಟ ಗ್ಯಾಸ್ ಕೂಲಂಟ್‌ಗೆ ಬರುತ್ತಿದ್ದರೆ ಪೆಟ್ರೋಲ್ ಎಂಜಿನ್‌ನಲ್ಲಿ ಅದು ಹಳದಿಗೆ ತಿರುಗುತ್ತದೆ. ಆಯಿಲ್ ಕ್ಯಾಪ್ ಕೆಳಗೆ ಬೆಣ್ಣೆಯಂಥ ಬಿಳಿ ಪದರ ಕಂಡ ಮಾತ್ರಕ್ಕೆ ಗ್ಯಾಸ್ಕೆಟ್ ಹೋಗಿದೆ ಎನ್ನಬೇಡಿ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆರಡು ಕಿಲೋಮೀಟರ್ ಓಡುವ ಗಾಡಿಗಳಲ್ಲೆಲ್ಲ ತೇವ ಹೆಪ್ಪುಗಟ್ಟಿ ಹಾಗೆ ಆಗುತ್ತದೆ. ಡಿಪ್‌ಸ್ಟಿಕ್‌ನ ಎಣ್ಣೆಯೂ ಹಾಲಿನಂತಾಗಿದ್ದರೆ, ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಆಗ ಯೋಚಿಸಿ.

ರಿಂಗ್ ಎಂದು ತೀರ್ಮಾನವಾದರೆ, ಅದು ಸವೆದಿದೆಯೋ ಕಾರ್ಬನ್‌ನಲ್ಲಿ ಅಂಟಿಕೊಂಡಿದೆಯೋ ನೋಡುವುದು ಉಳಿಯುತ್ತದೆ. ಆಯಿಲ್ ಬದಲಿಸದೆ ಓಡಿಸಿದ ಗಾಡಿಯಲ್ಲಿ ಅಂಟಿರುವ ಸಾಧ್ಯತೆ ಹೆಚ್ಚು. ಪಿಸ್ಟನ್‌ಗಳನ್ನು ನಡುಮಟ್ಟಕ್ಕೆ ತಂದು, ಕಾರ್ಬನ್ ಕರಗಿಸುವ ದ್ರವವನ್ನು ಸ್ವಲ್ಪ ಬಿಟ್ಟು ರಾತ್ರಿಯಿಡೀ ನೆನೆಸುವುದು ಅಗ್ಗದ ಪ್ರಯತ್ನ. ಬೆಳಿಗ್ಗೆ ಉಳಿದ ದ್ರವವನ್ನು ಸಿರಿಂಜ್‌ನಿಂದ ಹೀರಿ ತೆಗೆಯಿರಿ, ಪ್ಲಗ್ ಹಾಕದೆ ಸೆಲ್ಫ್ ಹೊಡೆದು ಮಿಕ್ಕದ್ದನ್ನು ಹೊರಹಾಕಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿಯೇ ಸ್ಟಾರ್ಟ್ ಮಾಡಿ. ದ್ರವ ತುಂಬಿರುವಾಗ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಫಲ ಸಿಗದಿದ್ದರೆ ಬೋರ್ ಅಳೆದ ಮೇಲೆಯೇ ರಿಂಗ್ ಸಾಕೋ ಬೋರಿಂಗ್ ಬೇಕೋ ಎಂದು ನಿರ್ಧರಿಸಬೇಕು. ಸವೆದು ಅಂಡಾಕಾರವಾದ ಬೋರ್‌ಗೆ ಹೊಸ ರಿಂಗ್ ಹಾಕಿಸುವುದು ಕೆಲವೇ ತಿಂಗಳ ನೆಮ್ಮದಿ.

ಡೀಸೆಲ್ ಬೇರೆ

ಡೀಸೆಲ್ ಎಂಜಿನ್‌ನಲ್ಲಿ ಒತ್ತಡ 20ರಿಂದ 30 ಬಾರ್, ಪೆಟ್ರೋಲ್ ಗೇಜ್ ಅಲ್ಲೇ ಒಡೆಯುತ್ತದೆ. ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೂತಿನಿಂದ ಅಳೆಯಬೇಕು. ಹಳೆಯ ಗ್ಲೋ ಪ್ಲಗ್‌ಗಳು ತೆಗೆಯುವಾಗಲೇ ತುಂಡಾಗುತ್ತವೆ. ಎಣ್ಣೆ ಬಿಡುವ ಪರೀಕ್ಷೆ ಇಲ್ಲಿ ಸಲ್ಲದು. ಚೇಂಬರ್ ಅಷ್ಟು ಚಿಕ್ಕದಿರುವಾಗ ಎಣ್ಣೆ ಪಿಸ್ಟನ್ನನ್ನು ತಡೆಹಿಡಿಯಬಹುದು, ಹೊತ್ತಿಕೊಳ್ಳಲೂಬಹುದು. ಭಾರಿ ಒತ್ತಡದಲ್ಲಿ ಡೀಸೆಲ್ ಒಯ್ಯುವ ಕಾಮನ್ ರೈಲ್ ಪೈಪುಗಳನ್ನು ಮನೆಯಲ್ಲಿ ಸಡಿಲಿಸಬೇಡಿ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

ಮತ್ತೆ ಜೋಡಿಸುವಾಗ

ಪ್ಲಗ್‌ಗಳನ್ನು ಮೊದಲು ಕೈಯಲ್ಲೇ ಪೂರ್ತಿ ತಿರುಪಿ ಕೂರಿಸಿ. ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್‌ಗೆ ಅಲ್ಲಿಂದ ಮುಂದೆ ಅರ್ಧ ಸುತ್ತಿಗಿಂತ ತುಸು ಹೆಚ್ಚು, ಹಳೆಯದನ್ನೇ ಹಾಕುತ್ತಿದ್ದರೆ ಹನ್ನೆರಡನೇ ಒಂದು ಸುತ್ತು ಸಾಕು. ಕಾಯಿಲ್, ಇಂಜೆಕ್ಟರ್ ಕನೆಕ್ಟರ್‌ಗಳನ್ನು ಹಾಕಿ, ರಿಲೇ ಕೂರಿಸಿ, ಸ್ಕ್ಯಾನರ್‌ನಲ್ಲಿ ಕೋಡ್‌ಗಳನ್ನು ಅಳಿಸಿ. ಎಣ್ಣೆ ಬಿಟ್ಟು ಪರೀಕ್ಷಿಸಿದ್ದರೆ ಮೊದಲ ಕೆಲವು ನಿಮಿಷ ನೀಲಿ ಹೊಗೆ ಬರುವುದು ಸಹಜ.

ರೀಡಿಂಗ್‌ಗಳನ್ನು ದಿನಾಂಕ, ಓಡಿದ ಕಿಲೋಮೀಟರ್, ಊರಿನ ಹೆಸರಿನ ಸಮೇತ ಸರ್ವಿಸ್ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ. ಎಂಜಿನ್ ಕೆಲಸಕ್ಕೆ ಗಾಡಿ ಬಿಡುವಾಗ ಆ ಹಾಳೆಯ ಫೋಟೊ ಮೆಕ್ಯಾನಿಕ್‌ಗೆ ಕಳುಹಿಸಿ. ಕೆಲಸ ಮುಗಿದು ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದೇ ಗೇಜ್‌ನಲ್ಲಿ ಮತ್ತೊಮ್ಮೆ ಅಳೆದು, ಹಳೆಯ ಅಂಕಿಗಳ ಪಕ್ಕದಲ್ಲೇ ಬರೆಯಿರಿ.